ಕೋಶಕೃಷಿಯಲ್ಲಿ ಸಂಕರ ವೈರಸ್‌ಗಳ ಅಧ್ಯಯನ: ಬೆಂಗಳೂರಿನ ಐ321 ತಳಿಯ ನಿದರ್ಶನ

ಹಸುಗೂಸುಗಳ ತೀವ್ರ ಅತಿಸಾರಕ್ಕೆ ಕಾರಣವಾಗುವ ರೋಗಾಣುಗಳಲ್ಲಿ ರೋಟಾವೈರಸ್ ಪ್ರಮುಖವಾದುದು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಅವರ ಸಂಗಡಿಗರು ಇದನ್ನು ರೋಗಪೀಡಿತ ಮಕ್ಕಳ ಕರುಳಿನ ಅಂಗಾಂಶದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಿದರು. ಆದರೆ ಈ ವೈರಸ್ ಹೊಕ್ಕ ಮಕ್ಕಳೆಲ್ಲರೂ ಕಾಯಿಲೆ ಬೀಳುವುದಿಲ್ಲ. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಯಾವ ರೋಗಲಕ್ಷಣವನ್ನೂ ತೋರದೆ ನೆಲೆಸಿದ್ದ ಒಂದು ರೋಟಾವೈರಸ್ ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಅವರ ಸಹೋದ್ಯೋಗಿಗಳು ಅಧ್ಯಯನಕ್ಕೆ ಒಳಪಡಿಸಿದರು. ಐ321 ಎಂದು ಹೆಸರಾದ ಈ ತಳಿಯು ಮನುಷ್ಯನ ವೈರಸ್ ಮತ್ತು ದನದ ವೈರಸ್‌ಗಳ ಸಂಕರವೆಂಬುದು ಪ್ರಯೋಗಗಳಿಂದ ತಿಳಿದುಬಂದಿತು. ಅಂತಹ ನಿರ್ಣಯಕ್ಕೆ ಬರುವ ಪ್ರಯೋಗಾಲಯ ವಿಧಾನಗಳನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಸಂಕರ ವೈರಸ್ ಎಂದರೇನು?

ರೋಟಾವೈರಸ್ಸಿನ ಆನುವಂಶಿಕ ದ್ರವ್ಯವು ಒಂದೇ ಉದ್ದನೆಯ ಎಳೆಯಾಗಿರದೆ, ಎರಡೆಳೆಯ ಆರ್‌ಎನ್‌ಎಯ 11 ಪ್ರತ್ಯೇಕ ತುಂಡುಗಳಾಗಿ ಇರುತ್ತದೆ. ಎರಡು ಭಿನ್ನ ತಳಿಗಳು ಒಂದೇ ಜೀವಕೋಶವನ್ನು ಏಕಕಾಲದಲ್ಲಿ ಹೊಕ್ಕರೆ, ಹೊಸ ಕಣಗಳು ರೂಪುಗೊಳ್ಳುವಾಗ ಈ ತುಂಡುಗಳು ಅದಲುಬದಲಾಗಬಹುದು. ಎರಡು ಇಸ್ಪೀಟು ಕಟ್ಟುಗಳನ್ನು ಕಲೆಸಿ ಮತ್ತೆ ಹಂಚಿದಂತೆ ಇದು. ಪ್ರತಿ ತುಂಡಿಗೂ ಎರಡು ಮೂಲಗಳ ಸಾಧ್ಯತೆಯಿರುವುದರಿಂದ, ತಾತ್ತ್ವಿಕವಾಗಿ 2048 ಜೋಡಣೆಗಳು ಸಾಧ್ಯ. ಇವುಗಳಲ್ಲಿ ಎರಡು ಮೂಲ ತಳಿಗಳೇ ಆಗಿದ್ದು, ಉಳಿದವು ಸಂಕರಗಳು. ಇವೆಲ್ಲವೂ ಬದುಕಿ ಬೆಳೆಯುತ್ತವೆಂದಲ್ಲ. ಪರಸ್ಪರ ಹೊಂದಿಕೊಳ್ಳುವ ತುಂಡುಗಳುಳ್ಳ ಕಣಗಳು ಮಾತ್ರ ಉಳಿಯುತ್ತವೆ.

ಶಿವಾಜಿನಗರ, ಹಲಸೂರುಗಳ ಓಣಿಗಳಿಂದ ಕೃಷ್ಣರಾಜಪುರದ ಅಂಚಿನವರೆಗೆ ಮನೆಯ ಮಗ್ಗುಲಲ್ಲೇ ಹಸು ಕಟ್ಟಿ ಹಾಲು ಕರೆದ ಊರು ಬೆಂಗಳೂರು. ಮನುಷ್ಯರೂ ದನಗಳೂ ಇಷ್ಟು ಸಮೀಪದಲ್ಲಿ ಬದುಕುವ ಕಡೆ ಎರಡರ ವೈರಸ್‌ಗಳೂ ಒಂದೇ ದೇಹದಲ್ಲಿ ಸಂಧಿಸುವ ಅವಕಾಶ ಹೆಚ್ಚು. ಐ321ರ ಹೊರಕವಚದ ಮಾದರಿಯಾದ ಜಿ10 ಬಗೆಯು ಭೇದಿಯಿಂದ ನರಳುವ ಕರುಗಳಲ್ಲಿಯೂ ಕಂಡುಬಂದಿದೆ.

ಕೋಶಕೃಷಿ

ವೈರಸ್ ತಾನಾಗಿ ಬೆಳೆಯಲಾರದು. ಅದಕ್ಕೆ ಜೀವಂತ ಕೋಶ ಬೇಕು. ರೋಟಾವೈರಸ್‌ಗಾಗಿ ಸಾಮಾನ್ಯವಾಗಿ ಕೋತಿಯ ಮೂತ್ರಪಿಂಡದಿಂದ ಪಡೆದ ಎಂಎ104 ಎಂಬ ಕೋಶಸಾಲನ್ನು ಬಳಸಲಾಗುತ್ತದೆ. ಮೊದಲಿಗೆ ಶಿಶುವಿನ ಮಲದ ಮಾದರಿಯನ್ನು ಲವಣದ್ರಾವಣದಲ್ಲಿ ಕದಡಿ, ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ, ತಿಳಿಯನ್ನು ಬ್ಯಾಕ್ಟೀರಿಯಗಳು ಹಾಯದಷ್ಟು ಸೂಕ್ಷ್ಮ ಸೋಸುಕದಲ್ಲಿ ಸೋಸುತ್ತಾರೆ. ಅನಂತರ ಈ ತಿಳಿಗೆ ಟ್ರಿಪ್ಸಿನ್ ಕಿಣ್ವವನ್ನು ಸೇರಿಸುತ್ತಾರೆ. ವೈರಸ್ಸಿನ ಮೇಲ್ಮೈಯಲ್ಲಿರುವ ವಿಪಿ4 ಎಂಬ ಪ್ರೋಟೀನನ್ನು ಟ್ರಿಪ್ಸಿನ್ ಎರಡಾಗಿ ಸೀಳಿದಾಗಲೇ ಅದಕ್ಕೆ ಕೋಶವನ್ನು ಸಮರ್ಥವಾಗಿ ಹೊಗುವ ಶಕ್ತಿ ಬರುತ್ತದೆ. ಶಿಶುವಿನ ಕರುಳಿನಲ್ಲಿ ಜೀರ್ಣರಸವು ಮಾಡುವ ಕೆಲಸವನ್ನು ಪ್ರಯೋಗಾಲಯದಲ್ಲಿ ಹೀಗೆ ಅನುಕರಿಸಲಾಗುತ್ತದೆ. ರಕ್ತಸಾರದ ಅಂಶಗಳು ಟ್ರಿಪ್ಸಿನ್ನನ್ನು ತಡೆಯುವುದರಿಂದ, ಸೋಂಕು ಹಚ್ಚುವ ಮುನ್ನ ಕೋಶಗಳನ್ನು ತೊಳೆದು ರಕ್ತಸಾರರಹಿತ ಪೋಷಕದ್ರವದಲ್ಲಿ ಇರಿಸುವುದು ಅಗತ್ಯ. ಈ ಒಂದು ಹೆಜ್ಜೆ ತಪ್ಪಿದರೆ ವೈರಸ್ ಇದ್ದೂ ಇಲ್ಲದಂತಾಗುತ್ತದೆ.

ಒಂದು ಕಣದಿಂದ ಒಂದು ಕುಲ

ಒಂದೇ ಮಗುವಿನಲ್ಲಿ ಎರಡು ತಳಿಗಳು ಬೆರೆಯದೆ ಒಟ್ಟಿಗೇ ಇದ್ದರೂ ಮಾದರಿಯ ಪರೀಕ್ಷೆಯಲ್ಲಿ ಸಂಕರದಂತೆಯೇ ತೋರಬಹುದು. ಈ ಭ್ರಮೆಯನ್ನು ನಿವಾರಿಸುವುದು ಪ್ಲಾಕ್ ವಿಧಾನ. ತೆಳುವಾಗಿ ಹರಡಿದ ಕೋಶಪದರಕ್ಕೆ ಬಹಳ ದುರ್ಬಲಗೊಳಿಸಿದ ವೈರಸ್ ದ್ರವವನ್ನು ಹಾಕಿ, ಮೇಲೆ ಟ್ರಿಪ್ಸಿನ್‌ಯುಕ್ತ ಅಗರೋಸ್ ಹೊದಿಕೆ ಹಾಸಲಾಗುತ್ತದೆ. ವೈರಸ್ ದೂರ ಸಾಗಲಾರದೆ ಪಕ್ಕದ ಕೋಶಗಳನ್ನಷ್ಟೇ ಕೊಲ್ಲುತ್ತದೆ. ಕೆಲವು ದಿನಗಳ ಬಳಿಕ ಬಣ್ಣ ಹಾಕಿದರೆ ಜೀವಂತ ಕೋಶಗಳ ನಡುವೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಪ್ರತಿ ಚುಕ್ಕೆಯೂ ಸಾಮಾನ್ಯವಾಗಿ ಒಂದೇ ಕಣದ ಸಂತತಿ. ಅದನ್ನು ಹೆಕ್ಕಿ ಇದೇ ಕ್ರಮವನ್ನು ಮೂರು ಬಾರಿ ಪುನರಾವರ್ತಿಸಿದಾಗ ಶುದ್ಧ ತಳಿ ದೊರೆಯುತ್ತದೆ. ಆಗಲೂ ಎರಡು ಮೂಲಗಳ ತುಂಡುಗಳು ಕಂಡುಬಂದರೆ ಅದು ನಿಜವಾದ ಸಂಕರವೆಂದು ಹೇಳಬಹುದು.

ತುಂಡುಗಳ ಮೂಲಶೋಧನೆ

ಶುದ್ಧ ತಳಿಯ ಆರ್‌ಎನ್‌ಎಯನ್ನು ಬೇರ್ಪಡಿಸಿ, ಪಾಲಿಅಕ್ರಿಲಮೈಡ್ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿದರೆ ಚಿಕ್ಕ ತುಂಡುಗಳು ಮುಂದೆ, ದೊಡ್ಡವು ಹಿಂದೆ ನಿಲ್ಲುತ್ತವೆ. ಬೆಳ್ಳಿಯ ಬಣ್ಣ ಹಾಕಿದಾಗ 11 ಪಟ್ಟೆಗಳು ಗೋಚರಿಸುತ್ತವೆ. 11ನೆಯ ತುಂಡಿನ ಚಲನೆಯನ್ನು ಅನುಸರಿಸಿ ಈ ವಿನ್ಯಾಸವನ್ನು ದೀರ್ಘ, ಹ್ರಸ್ವ ಎಂದು ವಿಂಗಡಿಸುತ್ತಾರೆ. ಮನುಷ್ಯನ ಸಾಮಾನ್ಯ ತಳಿಗಳಲ್ಲಿ ದೀರ್ಘ ವಿನ್ಯಾಸದೊಡನೆ ಎರಡನೆಯ ಉಪಗುಂಪಿನ ಒಳಕವಚವೂ, ಹ್ರಸ್ವ ವಿನ್ಯಾಸದೊಡನೆ ಒಂದನೆಯ ಉಪಗುಂಪಿನದೂ ಇರುವುದು ವಾಡಿಕೆ. ಬೆಂಗಳೂರಿನ ಶಿಶುಗಳ ತಳಿಗಳಲ್ಲಿ ದೀರ್ಘ ವಿನ್ಯಾಸವೂ ಒಂದನೆಯ ಉಪಗುಂಪೂ ಜೊತೆಗೂಡಿದ್ದವು. ಇದು ಪ್ರಾಣಿಗಳ ವೈರಸ್‌ನ ಲಕ್ಷಣ. ಸಂದೇಹಕ್ಕೆ ಎಡೆಮಾಡಿದ ಸುಳಿವೂ ಇದೇ.

ಪಟ್ಟೆಗಳ ಸ್ಥಾನವೊಂದೇ ಸಾಕ್ಷ್ಯವಾಗದು, ಏಕೆಂದರೆ ಸಮಾನ ಉದ್ದದ ತುಂಡುಗಳು ಭಿನ್ನ ಮೂಲದವಾಗಿರಬಹುದು. ಆದುದರಿಂದ ತುಂಡುಗಳ ಅಕ್ಷರಕ್ರಮವನ್ನು ಓದಿ, ತಿಳಿದ ತಳಿಗಳೊಡನೆ ಹೋಲಿಸಬೇಕಾಗುತ್ತದೆ. ವಿಪಿ4 ಮತ್ತು ವಿಪಿ7 ಎಂಬ ಎರಡೂ ಮೇಲ್ಮೈ ಪ್ರೋಟೀನುಗಳು ದನದ ಜಿ10 ವೈರಸ್ಸನ್ನು ನಿಕಟವಾಗಿ ಹೋಲುತ್ತವೆಂಬುದು 1993ರಲ್ಲಿ ಪ್ರಕಟವಾಯಿತು. ಐ321ರ ಒಂಬತ್ತು ತುಂಡುಗಳು ದನದ ಮೂಲದವು. ಎನ್‌ಎಸ್‌ಪಿ1 ಮತ್ತು ಎನ್‌ಎಸ್‌ಪಿ3 ಪ್ರೋಟೀನುಗಳ ಸಂಕೇತವುಳ್ಳ ಎರಡು ತುಂಡುಗಳು ಮಾತ್ರ ಮನುಷ್ಯನ ಮೂಲದವು. ಕೃಷಿಯಲ್ಲಿ ಮತ್ತೆ ಮತ್ತೆ ಬೆಳೆಸಿದಾಗ ವೈರಸ್ ಹೊಸ ಕೋಶಕ್ಕೆ ಒಗ್ಗಿ ಬದಲಾಗುವುದರಿಂದ, ಮೂಲ ಮಾದರಿಯನ್ನೂ ಜೊತೆಯಲ್ಲಿ ಪರೀಕ್ಷಿಸುವುದು ವಿವೇಕ.

ಪ್ರಯೋಜನ ಮತ್ತು ಎಚ್ಚರ

ದೆಹಲಿಯ ನವಜಾತ ಶಿಶುಗಳಲ್ಲಿಯೂ ಇಂತಹುದೇ 116ಇ ಎಂಬ ತಳಿ ದೊರೆತಿತ್ತು. ಅದು ಮನುಷ್ಯನ ವೈರಸ್. ಅದರ ವಿಪಿ4 ತುಂಡು ಮಾತ್ರ ದನದ್ದು. ಇವೆರಡನ್ನೂ ಲಸಿಕೆಯ ಅಭ್ಯರ್ಥಿಗಳಾಗಿ ಪರೀಕ್ಷಿಸಿದ ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. 116ಇ ಉತ್ತಮ ರೋಧಪ್ರತಿಕ್ರಿಯೆಯನ್ನು ಹುಟ್ಟಿಸಿತು. ಐ321 ಅಷ್ಟು ಸಮರ್ಥವಾಗಲಿಲ್ಲ. ಮುಂದೆ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6799 ಶಿಶುಗಳ ಮೇಲೆ ನಡೆದ ಪರೀಕ್ಷೆಯಲ್ಲಿ 116ಇ ಲಸಿಕೆಯು ತೀವ್ರ ರೋಟಾವೈರಸ್ ಅತಿಸಾರವನ್ನು ಅರ್ಧಕ್ಕಿಂತ ತುಸು ಹೆಚ್ಚಾಗಿ ತಗ್ಗಿಸಿತು. ರೋಟಾವ್ಯಾಕ್ ಎಂಬ ಹೆಸರಿನ ಈ ಲಸಿಕೆಯು 2016ರಿಂದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಸೇರಿತು.

ಬೆಂಗಳೂರಿನಲ್ಲಿ ನಿರುಪದ್ರವಿಯಾಗಿ ಕಂಡ ಜಿ10 ಪಿ11 ಬಗೆಯ ವೈರಸ್‌ಗಳು ವೆಲ್ಲೂರಿನ ಶಿಶುಗಳಲ್ಲಿ ರೋಗಲಕ್ಷಣಗಳೊಡನೆಯೂ ಕಂಡುಬಂದಿವೆ. ಆದುದರಿಂದ ಬಗೆಯ ಹೆಸರನ್ನು ಮಾತ್ರ ನೋಡಿ ವೈರಸ್ಸಿನ ಸ್ವಭಾವವನ್ನು ನಿರ್ಧರಿಸಲಾಗದು. ಯಾವ ತುಂಡು ಯಾವ ಗುಣಕ್ಕೆ ಕಾರಣವೆಂಬುದನ್ನು ಒಂದೊಂದಾಗಿ ಬದಲಿಸಿ ನೋಡಬೇಕು. 2017ರಲ್ಲಿ ಜಪಾನಿನ ವಿಜ್ಞಾನಿಗಳು ಪ್ಲಾಸ್ಮಿಡ್‌ಗಳಿಂದಲೇ ಪೂರ್ಣ ರೋಟಾವೈರಸ್ಸನ್ನು ರೂಪಿಸುವ ವಿಧಾನವನ್ನು ಸಾಧಿಸಿದ ಮೇಲೆ ಈ ಕೆಲಸ ಸುಗಮವಾಗಿದೆ. ಆದರೂ ಕೋಶಪದರದ ಮೇಲಿನ ಚುಕ್ಕೆಯನ್ನು ತಾಳ್ಮೆಯಿಂದ ಹೆಕ್ಕುವ ಹಳೆಯ ಶಿಸ್ತು ಇಂದಿಗೂ ಅನಿವಾರ್ಯ. ಶಿಶುವಿನ ಬಾಯಿಗೆ ಹಾಕುವ ಲಸಿಕೆಯ ಹನಿಯಲ್ಲಿ ಏನಿದೆಯೆಂದು ಖಚಿತವಾಗಿ ಹೇಳುವ ಹೊಣೆಯು ಆ ಶಿಸ್ತಿನಿಂದಲೇ ಆರಂಭವಾಗುತ್ತದೆ.