ತಡೆಯಬಾರದ್ದು ಹದಿಮೂರು!

ರಾತ್ರಿ 9 ಗಂಟೆ. ಪೇಟೆ ಬೀದಿಯ ಬಟ್ಟೆ ಅಂಗಡಿ ಯಜಮಾನರು ಬಾಗಿಲು ಎಳೆಯುವ ಹೊತ್ತು.

"ಏನ್ ಸ್ವಾಮಿ, ಮುಖ ಬಾಡಿದೆ?" ಎಂದೆವು.

"ತಲೆಭಾರ, ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಬಿ.ಪಿ. ಮಾತ್ರೆ ಬಿಟ್ಟು ಅಶ್ವಗಂಧ ಶುರು ಮಾಡೋಣಾಂತ ಇದೀನಿ."

"ಮಧ್ಯಾಹ್ನದ ಊಟ ಎಷ್ಟೊತ್ತಿಗೆ?"

"ಗಿರಾಕಿ ಬಿಟ್ಟಾಗ. ಮೂರೋ, ನಾಲ್ಕೋ."

"ಮೂತ್ರಕ್ಕೆ?"

"ಗಲ್ಲಾ ಬಿಟ್ಟು ಎಲ್ಲಿಗೆ ಹೋಗೋದು? ತಡ್ಕೊಂಡಿರ್ತೀನಿ!"

ರೋಗದ ಬೇರು ಅರ್ಧ ಇಲ್ಲೇ ಸಿಕ್ಕಿತು ನೋಡಿ.

ಚರಕ ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ದೇಹದ 13 ವೇಗಗಳನ್ನು ಬಲವಂತವಾಗಿ ತಡೆಯಬಾರದು ಎಂಬುದು ಅದರ ಮಾತು. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ದೆ, ಆಕಳಿಕೆ, ಸೀನು, ತೇಗು ಎಲ್ಲವೂ ಆ ಪಟ್ಟಿಯಲ್ಲಿವೆ. ಕಣ್ಣೀರೂ ಇದೆ! ದಣಿದಾಗ ಬರುವ ಏದುಸಿರೂ ಇದೆ.

ಹಾಗಾದರೆ ತಡೆಯಬೇಕಾದ್ದು ಯಾವುದು? ಅದನ್ನೂ ಅಲ್ಲೇ ಹೇಳಿದೆ: ಲೋಭ, ಕೋಪ, ಭಯ, ಹೊಟ್ಟೆಕಿಚ್ಚು, ಅಹಂಕಾರ.

ನಾವು ಮಾಡುವುದು ಪೂರಾ ಉಲ್ಟಾ. ಮೂತ್ರ ತಡೆಯುತ್ತೇವೆ, ಚಿಲ್ಲರೆಗಾಗಿ ಕಂಡಕ್ಟರ್ ಮೇಲೆ ಕೋಪ ಹರಿಯಬಿಡುತ್ತೇವೆ. ಹಸಿವು ಅದುಮುತ್ತೇವೆ, ಪಕ್ಕದ ಅಂಗಡಿಯ ವ್ಯಾಪಾರ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇವೆ.

ಇದು ಪುರಸಭೆಯ ವಿಷಯವೂ ಹೌದು

ಗಂಡಸರ ಪಾಡು ಹೇಗೋ ನಡೆಯುತ್ತೆ. ಬೆಳಿಗ್ಗೆಯಿಂದ ಸಂಜೆವರೆಗೆ ಹೂವು, ಸೊಪ್ಪು ಮಾರುವ ಹೆಂಗಸರು? ಗಂಟೆಗಟ್ಟಲೆ ಬಸ್ಸಿಗೆ ಕಾಯುವ ತಾಯಂದಿರು? ಶೌಚಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಕೂರುತ್ತಾರೆ. ಇಲ್ಲಿ ಎರಡು ವೇಗಗಳಿಗೆ ತಡೆ. ಇದಕ್ಕೆ ಲೇಹ್ಯ ಮದ್ದಲ್ಲ. ನೀರು ಬರುವ, ಚಿಲಕ ಬೀಳುವ ಶೌಚಾಲಯವೇ ಮದ್ದು.

ಮನೆಯಲ್ಲೇ ಆಗುವಂಥದ್ದು

ಊಟಕ್ಕೆ ಹೊತ್ತು ಗೊತ್ತು ಮಾಡಿ. ಹತ್ತು ನಿಮಿಷ ಗಲ್ಲಾಕ್ಕೆ ಮಗನನ್ನು ಕೂರಿಸಿ. ದಿನಾ ಎಣ್ಣೆ ಹಚ್ಚಿಕೊಳ್ಳಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಎನ್ನುತ್ತಾನೆ ವಾಗ್ಭಟ. ದಿನಾ ಆಗದಿದ್ದರೆ ಮಲಗುವ ಮುನ್ನ ಅಂಗಾಲಿಗಾದರೂ ತಿಕ್ಕಿ. ಅಜೀರ್ಣವಿದ್ದಾಗ ಮಾತ್ರ ಬೇಡ. ಒಂದೆಲಗದ ತಂಬುಳಿ ಊಟಕ್ಕಿರಲಿ. ಆದರೆ ಅದೇ ಕಾಯಿಲೆ ವಾಸಿ ಮಾಡುತ್ತೇಂತ ನೆಚ್ಚಬೇಡಿ.

ಬೇರು ಅಂದ್ರೆ ಸಪ್ಪೆ ಅಲ್ಲ

ಸರ್ಪಗಂಧದ ಕಥೆ ಕೇಳಿ. ಈ ಬೇರು ರಕ್ತದೊತ್ತಡ ಇಳಿಸುತ್ತದೆಂದು ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್‌ಲೆಂಡಿನವರು ಅದರಿಂದ ರಿಸರ್ಪಿನ್ ತೆಗೆದರು. ಜಗತ್ತೆಲ್ಲ ನುಂಗಿತು. ಆಮೇಲೆ ನೋಡಿದರೆ, ತಗೊಂಡವರಲ್ಲಿ ಕೆಲವರಿಗೆ ಮನಸ್ಸೇ ಕುಗ್ಗಿಹೋಯಿತು ಎಂಬ ದೂರು ಬಂತು!

ಅಶ್ವಗಂಧವೂ ಅಷ್ಟೆ. ಮನಸ್ಸಿನ ಒತ್ತಡ ಕೊಂಚ ಇಳಿಯುತ್ತದೆಂದು ಸಣ್ಣಪುಟ್ಟ ಪರೀಕ್ಷೆಗಳು ಹೇಳಿವೆ, ನಿಜ. ಆದರೆ ಅಪರೂಪಕ್ಕೆ ಲಿವರ್ ಕೆಟ್ಟ ಪ್ರಸಂಗಗಳೂ ಇವೆ. ಬಸುರಿಯರಿಗೆ ಬೇಡ. ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಬಸ್ಸಿನ ಕಿಟಕಿಯಲ್ಲಿ ತೂರಿಬರುವ "ಬಿ.ಪಿ., ಸಕ್ಕರೆ ಕಾಯಿಲೆ ಗ್ಯಾರಂಟಿ ಗುಣ" ಚೀಟಿಯನ್ನಂತೂ ಹರಿದುಹಾಕಿ. ಅಂಥ ಜಾಹೀರಾತನ್ನು 1954ರ ಕಾನೂನೇ ನಿಷೇಧಿಸಿದೆ. ನಿಜವಾದ ಪಂಡಿತರು ಬೇಕೆಂದರೆ ಸರ್ಕಾರಿ ಆಯುರ್ವೇದ ಆಸ್ಪತ್ರೆಗಳಿವೆ. ಮೈಸೂರಿನ ಆಯುರ್ವೇದ ಕಾಲೇಜು 1908ರಿಂದ ನಡೆದುಬಂದದ್ದು. ಎದೆನೋವು ಬಂದರೆ, ಬದುಕೇ ಬೇಡ ಅನ್ನಿಸಿದರೆ ಮಾತ್ರ ಯಾವ ಕಷಾಯಕ್ಕೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ.

ನಮ್ಮ ಯಜಮಾನರಿಗೂ ಹೇಳಿದೆವು: "ಮಾತ್ರೆ ಬಿಡಬೇಡಿ ಸ್ವಾಮಿ, ತಡ್ಕೊಳ್ಳೋದು ಬಿಡಿ."

ನಕ್ಕರು. "ಸರಿ, ಒಂದ್ನಿಮಿಷ ಅಂಗಡಿ ನೋಡ್ಕೊಳ್ಳಿ" ಎಂದು ಎದ್ದೇ ಹೋದರು.