ಮೂರು ಸಲ ಇಪ್ಪತ್ತು ಎನ್ನುವ ಕಣಿವೆ

ರೆಜಿಯಾದ ಮಾತಿನಲ್ಲಿ ಅರವತ್ತಕ್ಕೆ ಬೇರೆ ಹೆಸರಿಲ್ಲ. ‘ತ್ರಿಕ್ರತ್ ದ್ವಿಸ್ತಿ’ ಎನ್ನುತ್ತಾರೆ, ಅಂದರೆ ಮೂರು ಸಲ ಇಪ್ಪತ್ತು. ಎಪ್ಪತ್ತೆಂದರೆ ಮೂರು ಸಲ ಇಪ್ಪತ್ತು, ಮೇಲೊಂದು ಹತ್ತು. ಎಂಬತ್ತೆಂದರೆ ನಾಲ್ಕು ಸಲ ಇಪ್ಪತ್ತು. ಕಣಿವೆಯ ಬಾಯಿಯಿಂದಾಚೆ ಇರುವ ಇಟಾಲಿಯನ್ನರು ಹೀಗೆ ಎಣಿಸುವುದಿಲ್ಲ. ಬೆನ್ನ ಹಿಂದಿನ ಬೆಟ್ಟ ದಾಟಿದರೆ ಸಿಗುವ ಸ್ಲೊವೇನಿಯಾದ ಶಾಲೆಗಳಲ್ಲೂ ಮಕ್ಕಳಿಗೆ ಹೀಗೆ ಕಲಿಸುವುದಿಲ್ಲ. ನಮ್ಮ ಕಿವಿಗೆ ಮಾತ್ರ ಈ ಸಂಖ್ಯೆಗಳಲ್ಲಿ ಯಾವುದೋ ಪರಿಚಯದ ಸದ್ದು ಕೇಳುತ್ತದೆ. ‘ತ್ರಿ’ಯೂ ‘ದ್ವಿ’ಯೂ ಸಂಸ್ಕೃತದ ದಾಯಾದಿಗಳೇ. ನಡುವಿನ ‘ಕ್ರತ್’ ಕೂಡ ‘ಒಮ್ಮೆ’ ಎಂಬರ್ಥದ ‘ಸಕೃತ್’ ಶಬ್ದದ ಬಾಲಕ್ಕೆ ದೂರದ ನೆಂಟ. ಇಷ್ಟು ದೂರದ ಊರಿನ ಲೆಕ್ಕ ಇಷ್ಟು ಹತ್ತಿರದಲ್ಲಿ ಕೇಳಿಸಿದರೆ ಅಲ್ಲೊಮ್ಮೆ ಇಣುಕಿ ನೋಡಬೇಕೆನ್ನಿಸುತ್ತದೆ.

ಇಟಲಿಯ ಈಶಾನ್ಯ ಮೂಲೆಯಲ್ಲಿ, ಜೂಲಿಯನ್ ಆಲ್ಪ್ಸ್‌ನ ಅಂಚಿಗೆ ರೆಜಿಯಾ ಎಂಬ ಈ ಕಣಿವೆ ಇದೆ. ಪೂರ್ವಕ್ಕೆ 2,587 ಮೀಟರ್ ಎತ್ತರದ ಕನೀನ್ ಪರ್ವತ, ದಕ್ಷಿಣಕ್ಕೆ ಮೂಸಿ ಬೆಟ್ಟಗಳ ಗೋಡೆ, ಉತ್ತರಕ್ಕೆ ಇನ್ನೊಂದು ಸಾಲು. ತೆರೆದಿರುವುದು ಪಶ್ಚಿಮ ಒಂದೇ. ಅಲ್ಲಿ ರೆಜಿಯುತ್ತಾ ಎಂಬ ಊರಿನ ಬಳಿ ಕಣಿವೆಯ ಹೊಳೆ ಫೆಲ್ಲಾ ನದಿಯನ್ನು ಸೇರುತ್ತದೆ, ಆ ಫೆಲ್ಲಾ ತಾಲ್ಯಮೆಂತೊ ನದಿಯ ಮೂಲಕ ಆದ್ರಿಯಾಟಿಕ್ ಸಮುದ್ರ ಸೇರುತ್ತದೆ. ಇಡೀ ಪಂಚಾಯಿತಿಯ ವಿಸ್ತೀರ್ಣ ಸುಮಾರು 119 ಚದರ ಕಿಲೋಮೀಟರ್. ಒಳಗಿರುವ ಜನ ಇವತ್ತು ಸಾವಿರದ ಆಸುಪಾಸು. ಕನೀನ್ ಸುಣ್ಣಕಲ್ಲಿನ ಬೆಟ್ಟ. ಬಿದ್ದ ಮಳೆ, ಕರಗಿದ ಹಿಮ ಎಲ್ಲವನ್ನೂ ಒಳಗೆ ಎಳೆದುಕೊಂಡು, ಹೊಟ್ಟೆಯೊಳಗಿನ ಗವಿಗಳಲ್ಲಿ ಎಲ್ಲೆಲ್ಲೋ ಸುತ್ತಾಡಿಸಿ ಬುಡದಲ್ಲಿ ಹೊರಬಿಡುತ್ತದೆ.

ಹಳ್ಳಿಗಳಿಗೆ ಎರಡೆರಡು ಹೆಸರು. ನಕಾಶೆಯಲ್ಲಿ ಸ್ತೊಲ್ವಿತ್ಸಾ, ಮನೆಯಲ್ಲಿ ಸೋಲ್ಬಿತ್ಸಾ. ನಕಾಶೆಯಲ್ಲಿ ಓಸೆಯಾಕ್ಕೊ, ಮನೆಯಲ್ಲಿ ಒಸೊವಾನೆ. ಸಾನ್ ಜಾರ್ಜೋ ಎಂಬ ಊರು ಮನೆಮಾತಿನಲ್ಲಿ ಬೀಲಾ, ಅಂದರೆ ಬಿಳಿ. ಪಂಚಾಯಿತಿ ಕಚೇರಿ ಇರುವ ಪ್ರಾತೊ ಎಂಬುದು ರಾವಂತ್ಸಾ. ಉಚ್ಯಾ ಎಂಬ ಇನ್ನೊಂದು ಪುಟ್ಟ ಊರು ಕಣಿವೆಯೊಳಗೇ ಇಲ್ಲ. 1,086 ಮೀಟರ್ ಎತ್ತರದ ಕಾರ್ನಿತ್ಸಾ ಕಣಿವೆದಾರಿ ಹತ್ತಿ ಇಳಿದರೆ ಅದು ಸಿಗುತ್ತದೆ, ಅಲ್ಲಿನ ನೀರು ಸ್ಲೊವೇನಿಯಾದ ಸೋಚಾ ನದಿಯ ಕಡೆಗೆ ಹರಿಯುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ಈ ಊರು ಇಟಲಿಯಲ್ಲೇ ಅತಿ ಹೆಚ್ಚು ತೋಯುವ ತಾಣಗಳಲ್ಲೊಂದು. ಆಗುಂಬೆಯವರು ನಕ್ಕಾರು, ಆದರೆ ಯುರೋಪಿಗೆ ಅದು ಸಣ್ಣ ಲೆಕ್ಕವಲ್ಲ.

ಇಲ್ಲಿನ ಮಾತು ಇಟಾಲಿಯನ್ ಅಲ್ಲ, ಸುತ್ತಲಿನ ಫ್ರಿಯುಲಿಯನ್ನೂ ಅಲ್ಲ. ಅದು ಸ್ಲಾವಿಕ್ ಕುಲದ್ದು. ಆರು-ಏಳನೇ ಶತಮಾನಗಳಲ್ಲಿ ಆಲ್ಪ್ಸ್‌ನ ಪೂರ್ವ ತಪ್ಪಲಿಗೆ ಬಂದು ನೆಲೆಸಿದ ಸ್ಲಾವ್ ಜನರ ಒಂದು ಕವಲು ಈ ಕಣಿವೆಗೂ ಹಬ್ಬಿತು. ನಡುಯುಗದಲ್ಲಿ ಹತ್ತಿರದ ಮೊಜ್ಜೊ ಮಠದ ಒಡೆತನ, 1420ರಿಂದ ವೆನಿಸ್ ಗಣರಾಜ್ಯದ ಆಳ್ವಿಕೆ, 1797ರಲ್ಲಿ ವೆನಿಸ್ ಬಿದ್ದ ಮೇಲೆ ಬಹುಪಾಲು ಆಸ್ಟ್ರಿಯಾ, 1866ರಲ್ಲಿ ಇಟಲಿ. ಇಂಥ ಕಡೆ ‘ಬೆಟ್ಟ ಅಡ್ಡವಾದ್ದರಿಂದ ಭಾಷೆ ಉಳಿಯಿತು’ ಎಂದು ಬರೆದು ಮುಂದೆ ಹೋಗುವುದು ವಾಡಿಕೆ. ನನಗೇನೋ ಬೆಟ್ಟಕ್ಕಿಂತ ಗಡಿಯ ಕೈವಾಡವೇ ದೊಡ್ಡದಾಗಿ ಕಾಣುತ್ತದೆ. ಕನೀನ್ ಬೆಟ್ಟದ ಏಣಿನ ಆಚೆಗಿದ್ದ ಸ್ಲೊವೇನಿಯನ್ನರು ಶತಮಾನಗಳ ಕಾಲ ಹ್ಯಾಬ್ಸ್‌ಬರ್ಗ್ ದೊರೆಗಳ ಪ್ರಜೆಗಳು. 1550ರಲ್ಲಿ ಪ್ರಿಮೊಜ್ ತ್ರುಬಾರ್ ಮೊದಲ ಸ್ಲೊವೇನಿಯನ್ ಪುಸ್ತಕಗಳನ್ನು ಅಚ್ಚು ಹಾಕಿಸಿದ. ಆಮೇಲೆ ಬೈಬಲ್, ವ್ಯಾಕರಣ, ಶಾಲೆ, ಪತ್ರಿಕೆ ಎಂದು ಒಂದು ಬರಹದ ಭಾಷೆ ಹದಗೊಳ್ಳುತ್ತ ಬಂತು. ಏಣಿನ ಈಚೆ ವೆನಿಸ್‌ನ ಪ್ರಜೆಗಳಾಗಿದ್ದ ರೆಜಿಯಾದವರಿಗೆ ಆ ಗಾಳಿ ತಾಕಿದ್ದು ಕಡಿಮೆ. ಅವರ ಮಾತನ್ನು ತಿದ್ದುವ ಮೇಷ್ಟರೇ ಇರಲಿಲ್ಲ. ಹಾಗಾಗಿ ಬೇರೆ ಸ್ಲೊವೇನಿಯನ್ನರು ಕಳೆದುಕೊಂಡ ಒಂದು ಹಳೆಯ ಭೂತಕಾಲದ ರೂಪ ಕೆಲವು ಕ್ರಿಯಾಪದಗಳಲ್ಲಿ ಉಳಿಯಿತು. ಜೊತೆಗೆ ಫ್ರಿಯುಲಿಯನ್, ಜರ್ಮನ್, ಇಟಾಲಿಯನ್ ಶಬ್ದಗಳೂ ಧಾರಾಳವಾಗಿ ಬಂದು ಸೇರಿಕೊಂಡವು.

ಹೊರಗಿನವರು ಬಂದು ಬೆರಗಾದ ಕಥೆಗಳಿಗೆ ಕೊರತೆಯಿಲ್ಲ. ಪೋಲೆಂಡಿನ ಕಾದಂಬರಿಕಾರ, ಅಲೆಮಾರಿ ಶ್ರೀಮಂತ ಯಾನ್ ಪೊತೊತ್ಸ್ಕಿ 1790ರಲ್ಲಿ ಇಲ್ಲಿಗೆ ಬಂದು, ಇಟಲಿಯ ಬೆಟ್ಟದೊಳಗೆ ತನ್ನ ಭಾಷೆಯ ಬಂಧುವನ್ನು ಕಂಡ. 1799ರಲ್ಲಿ ಸುವೊರೊವ್‌ನ ರಷ್ಯನ್ ಸೇನೆ ನೆಪೋಲಿಯನ್ ಕಾಲದ ಯುದ್ಧಕ್ಕೆಂದು ಈ ಸೀಮೆಗೆ ಬಂದಾಗ ಸಿಪಾಯಿಗಳಿಗೂ ರೆಜಿಯಾದವರಿಗೂ ಪರಸ್ಪರ ಮಾತು ತಿಳಿಯುತ್ತಿತ್ತಂತೆ. ಇದನ್ನು ‘ಅಂತೆ’ ಎಂದೇ ಇಟ್ಟುಕೊಳ್ಳೋಣ. ಆದರೆ ಅಲ್ಲಿನವರಿಗೆ ಈ ಕಥೆ ಬಲು ಇಷ್ಟ. ತಾವು ರಷ್ಯದಿಂದ ಬಂದವರು ಎಂಬ ನಂಬಿಕೆಗೂ ಅದು ನೀರೆರೆಯಿತು.

ಇವರೆಲ್ಲ ಬಂದು ಹೋದವರು. ಕೂತು ಕೇಳಿದವನು 1873ರಲ್ಲಿ ಬಂದ ಯಾನ್ ಬೋದುಆಂ ದ ಕುರ್ತನೆ. ಹೆಸರು ಫ್ರೆಂಚ್, ಮನುಷ್ಯ ಪೋಲಿಷ್, ಪಾಸ್‌ಪೋರ್ಟು ರಷ್ಯದ ಚಕ್ರವರ್ತಿಯದ್ದು. ಆಗ ಅವನಿಗೆ 28 ವರ್ಷ. ಹಳ್ಳಿ ಹಳ್ಳಿ ತಿರುಗಿ, ಜನ ಆಡಿದ್ದನ್ನು ಆಡಿದ ಹಾಗೇ ಬರೆದುಕೊಂಡ. ಆ ಕಾಲದ ಪಂಡಿತರಿಗೆ ಹಳೆಯ ಹಸ್ತಪ್ರತಿಗಳೆಂದರೆ ಪ್ರಾಣ, ಹಾಲು ಕರೆಯುವ ಹೆಂಗಸಿನ ಬಾಯಿಂದ ಬರುವ ಸ್ವರ ಅವರಿಗೆ ಪಾಂಡಿತ್ಯದ ವಿಷಯವೇ ಅಲ್ಲ. ಇವನಿಗೆ ಅದೇ ವಿಷಯ. 1875ರಲ್ಲಿ ರೆಜಿಯಾದ ಆಡುನುಡಿಗಳ ಧ್ವನಿವಿಚಾರ ಕುರಿತು ರಷ್ಯನ್ ಭಾಷೆಯಲ್ಲಿ ಗ್ರಂಥ ಪ್ರಕಟಿಸಿ ಡಾಕ್ಟರೇಟ್ ಪಡೆದ. ಅದೇ ವರ್ಷ ಕಣಿವೆಯ ಧರ್ಮಬೋಧೆಯ ಪಠ್ಯವೊಂದನ್ನೂ ಅಚ್ಚಿಗೆ ತಂದ. ಆಮೇಲೂ ಮತ್ತೆ ಮತ್ತೆ ಬಂದ. 1895ರಲ್ಲಿ ಹೊರಬಂದ ಅವನ ದಪ್ಪ ಸಂಪುಟದ ತುಂಬ ಈ ಕಣಿವೆಯವರ ಮಾತೇ ಇದೆ.

ಅವನನ್ನು ಹಿಡಿದು ಕೂರಿಸಿದ್ದು ಇಲ್ಲಿನ ಸ್ವರಗಳು. ಇ, ಉ, ಎ, ಒ ಎಂಬ ನಮಗೆ ಗೊತ್ತಿರುವ ಸ್ವರಗಳ ಪಕ್ಕದಲ್ಲೇ ನಾಲಿಗೆಯನ್ನು ಬಾಯಿಯ ನಡುವಿಗೆ ಎಳೆದುಕೊಂಡು, ಗಂಟಲು ಮಸುಕಾಗಿಸಿ ಉಲಿಯುವ ಇನ್ನೊಂದು ಸಾಲು ಸ್ವರಗಳಿವೆ. ಇಂದು ಅವುಗಳನ್ನು ಬರೆಯುವಾಗ ರೋಮನ್ ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿ ಇಡುತ್ತಾರೆ. ಕೊಡವ ತಕ್ಕ್‌ನ್ನು ಕನ್ನಡ ಲಿಪಿಯಲ್ಲಿ ಬರೆಯಲು ಹೊರಟವರಿಗೆ ಈ ಫಜೀತಿ ಚೆನ್ನಾಗಿ ಗೊತ್ತು. ಅಲ್ಲೂ ಹೀಗೆಯೇ ನಡುನಾಲಿಗೆಯ ಇ ಮತ್ತು ಎ ಇವೆ, ಕನ್ನಡ ವರ್ಣಮಾಲೆಯಲ್ಲಿ ಅವಕ್ಕೆ ಮನೆಯಿಲ್ಲ. ಭಾಷಾವಿಜ್ಞಾನಿಗಳು ಅವನ್ನೂ ರೋಮನ್‌ನಲ್ಲಿ ಬರೆಯುವುದು ಎರಡು ಚುಕ್ಕಿ ಇಟ್ಟೇ. ರೆಜಿಯಾದಲ್ಲಿ ಮತ್ತೊಂದು ತಮಾಷೆ ಇದೆ: ಪದದ ಒಂದು ಸ್ವರ ಬದಲಾದರೆ ಅಕ್ಕಪಕ್ಕದ ಸ್ವರಗಳೂ ಅದರ ಬಣ್ಣಕ್ಕೆ ತಿರುಗುತ್ತವೆ. ಟರ್ಕಿಶ್ ಕುಲದ ಭಾಷೆಗಳಲ್ಲಿ ಕಾಣುವ ಈ ಸ್ವರಸಾಮರಸ್ಯ ಸ್ಲಾವಿಕ್ ಭಾಷೆಯಲ್ಲೇಕೆ ಬಂತು ಎಂದು ತಲೆಕೆಡಿಸಿಕೊಂಡ ಬೋದುಆಂ, ಹಿಂದೆಂದೋ ಅಂಥ ಭಾಷೆಗಳನ್ನಾಡುವ ‘ತುರಾನಿ’ ಜನರು ಈ ಸ್ಲಾವ್‌ರೊಡನೆ ಬೆರೆತಿರಬೇಕು ಎಂದು ಊಹಿಸಿದ. ಆ ಊಹೆ ನಿಲ್ಲಲಿಲ್ಲ. ಅವನು ಬರೆದಿಟ್ಟುಕೊಂಡದ್ದು ಮಾತ್ರ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಕನ್ನಡದಲ್ಲಿ ಭಾಷಾವಿಜ್ಞಾನ ಓದಿದವರಿಗೆ ‘ಧ್ವನಿಮಾ’ ಎಂಬ ಶಬ್ದ ಗೊತ್ತಿರುತ್ತದೆ, ಪರೀಕ್ಷೆಯ ಹಿಂದಿನ ರಾತ್ರಿಯ ನೆನಪಾಗಿಯಾದರೂ. ಬಾಯಿಯಿಂದ ಹೊರಡುವ ಸದ್ದು ಬೇರೆ, ಮನಸ್ಸು ಅರ್ಥಭೇದಕ್ಕಾಗಿ ಗುರುತಿಸುವ ಧ್ವನಿಯ ಘಟಕ ಬೇರೆ ಎಂಬ ಈ ವಿವೇಕಕ್ಕೆ ರೂಪ ಕೊಟ್ಟವರಲ್ಲಿ ಮುಖ್ಯರು ಬೋದುಆಂ ಮತ್ತು ಅವನ ಶಿಷ್ಯ ಮಿಕೊಲಾಯ್ ಕ್ರುಶೆವ್ಸ್ಕಿ. ಇಬ್ಬರೂ ಕೆಲಸ ಮಾಡಿದ್ದು ರಷ್ಯದ ಕಜಾನ್ ವಿಶ್ವವಿದ್ಯಾಲಯದಲ್ಲಿ. ರೆಜಿಯಾದ ಕೊಟ್ಟಿಗೆಗಳಲ್ಲಿ ಧ್ವನಿಮಾ ಹುಟ್ಟಿತು ಎಂದರೆ ಅತಿಯಾದೀತು. ಆದರೆ ಕಜಾನ್‌ಗೆ ಹೋಗುವ ಮುನ್ನ ಆ ಕಿವಿ ಪಳಗಿದ್ದು ಇಲ್ಲಿ. ಬೋದುಆಂ ಮುಂದೆ ಅಲ್ಪಸಂಖ್ಯಾತ ಜನರ ಸ್ವಾಯತ್ತತೆಯ ಪರವಾಗಿ ಕಿರುಹೊತ್ತಗೆ ಬರೆದು ಸೆರೆಮನೆ ಕಂಡ. 1922ರಲ್ಲಿ ಪೋಲೆಂಡಿನ ಅಲ್ಪಸಂಖ್ಯಾತರು ಅವನನ್ನು ಅಧ್ಯಕ್ಷ ಪದವಿಗೇ ಅಭ್ಯರ್ಥಿಯಾಗಿ ನಿಲ್ಲಿಸಿದರು. ಗೆಲ್ಲಲಿಲ್ಲ.

ಮೂರು ಕಡೆ ಮುಚ್ಚಿದ ಕಣಿವೆ ಎಂದೊಡನೆ ಊರು ಬಿಟ್ಟು ಕದಲದ ಜನ ಎಂದುಕೊಂಡರೆ ತಪ್ಪು. ಕಡಿದಾದ ಇಳಿಜಾರು, ತೆಳುವಾದ ಮಣ್ಣು. ಇದು ಎಲ್ಲರ ಹೊಟ್ಟೆ ಹೊರೆಯುವ ನೆಲವಲ್ಲ. ಗಂಡಸರು ವರ್ಷದ ಬಹುಪಾಲು ಹೊರಗೇ ಇರುತ್ತಿದ್ದರು. ವಿಶೇಷವಾಗಿ ಸೋಲ್ಬಿತ್ಸಾದವರು ಚೂರಿ, ಕತ್ತರಿ ಸಾಣೆ ಹಿಡಿಯುವವರು. ‘ಕ್ರೊಸ್ಮಾ’ ಎಂಬ ಮರದ ಚೌಕಟ್ಟು, ಅದರಲ್ಲೊಂದು ಸಾಣೆಚಕ್ರ. ಅದನ್ನು ಬೆನ್ನಿಗೇರಿಸಿಕೊಂಡು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಉದ್ದಗಲ ನಡೆದರು. ಬೆನ್ನಿನ ಹೊರೆ ಮುಂದೆ ತಳ್ಳುಬಂಡಿಯಾಯಿತು, ಆಮೇಲೆ ಸೈಕಲ್ ಬಂತು. ಸೈಕಲ್‌ನ ಪೆಡಲ್ ತುಳಿದರೆ ಸಾಣೆಯೂ ತಿರುಗುವ ಹಾಗೆ ಜೋಡಿಸಿಕೊಂಡರು. ನಮ್ಮ ಬೀದಿಗಳಲ್ಲಿ ‘ಸಾಣೆ ಹಿಡಿಯೋದು’ ಎಂದು ಕೂಗುತ್ತ ಬರುತ್ತಿದ್ದವನ ಸೈಕಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ಊರಿನ ಗಿರಾಕಿಗಳೊಡನೆ ಹತ್ತು ಭಾಷೆ ಆಡಿ ಮನೆಗೆ ಮರಳಿದವನು ಒಲೆಯ ಮುಂದೆ ಕೂತು ಆಡುತ್ತಿದ್ದದ್ದು ಮಾತ್ರ ಮೂರು ಸಲ ಇಪ್ಪತ್ತರ ಭಾಷೆ. ಸೋಲ್ಬಿತ್ಸಾದಲ್ಲಿ ಇಂದು ಸಾಣೆಗಾರರದ್ದೇ ಒಂದು ವಸ್ತುಸಂಗ್ರಹಾಲಯವಿದೆ.

ಹೆಂಗಸರು ಮನೆ, ದನ, ಹೊಲ ನೋಡಿಕೊಂಡರು. ಹೊಲದಲ್ಲಿ ಬೆಳೆದ ಕೆಂಪು ಛಾಯೆಯ ಪುಟ್ಟ ಬೆಳ್ಳುಳ್ಳಿ, ‘ಸ್ತ್ರೋಕ್’, ಈಗ ಸ್ಲೋ ಫುಡ್ ಸಂಸ್ಥೆಯ ರಕ್ಷಿತ ತಳಿಗಳ ಪಟ್ಟಿಯಲ್ಲಿದೆ. ಒಂದು ಕಾಲದಲ್ಲಿ ಬಡವರ ಗಂಟಿನಲ್ಲಿದ್ದದ್ದು ಈಗ ಪೇಟೆಯ ದೊಡ್ಡ ಹೋಟೆಲಿನ ತಟ್ಟೆಗೆ ಬಂದಿದೆ.

1976ರ ಮೇ 6ರ ರಾತ್ರಿ ರೆಜಿಯಾವನ್ನೂ ಒಳಗೊಂಡ ಫ್ರಿಯುಲಿ ಪ್ರಾಂತ ಭೂಕಂಪಕ್ಕೆ ನಡುಗಿತು. ಇಡೀ ಪ್ರಾಂತದಲ್ಲಿ ಸಾವಿರಕ್ಕೆ ಹತ್ತಿರ ಜನ ಸತ್ತರು. ಮೇ ತಿಂಗಳಲ್ಲಿ ಬಿರುಕು ಬಿಟ್ಟು ನಿಂತಿದ್ದ ಮನೆಗಳು ಸೆಪ್ಟೆಂಬರಿನ ಎರಡನೇ ಪೆಟ್ಟಿಗೆ ನೆಲಕಚ್ಚಿದವು. ಚಳಿಗಾಲ ತಲೆಯ ಮೇಲಿತ್ತು. ಪ್ರಾಂತದ ಸಾವಿರಾರು ನಿರಾಶ್ರಿತರನ್ನು ಸಮುದ್ರತೀರದ ಪ್ರವಾಸಿ ಹೋಟೆಲುಗಳಿಗೆ ಸಾಗಿಸಲಾಯಿತು. ರೆಜಿಯಾದ ಹಳ್ಳಿಗಳ ಕಲ್ಲಿನ ಹಳೆಯ ಮನೆಗಳೂ ಬಹಳ ಹೋದವು. ಮತ್ತೆ ಕಟ್ಟಿದ್ದು ಸಿಮೆಂಟಿನಲ್ಲಿ.

ಮನೆ ಬೀಳುವ ಮುಂಚೆಯೇ ಕಥೆಗಳನ್ನು ಎತ್ತಿಟ್ಟುಕೊಂಡಿದ್ದ ಒಬ್ಬನಿದ್ದ. ಸ್ಲೊವೇನಿಯಾದ ಜಾನಪದ ವಿದ್ವಾಂಸ ಮಿಲ್ಕೊ ಮತಿಚೇತೊವ್ 1960ರ ದಶಕದಿಂದ ಇಲ್ಲಿನ ಮುದುಕ ಮುದುಕಿಯರ ಮುಂದೆ ಧ್ವನಿಮುದ್ರಣ ಯಂತ್ರ ಇಟ್ಟು ಕೂತ. ನರಿ, ತೋಳ, ಕರಡಿಗಳ ಕಥೆಗಳು ರಾಶಿ ರಾಶಿ ಸಿಕ್ಕವು. ‘ಝ್ವೆರಿನಿತ್ಸೆ ಇಜ್ ರೆಜಿಯೆ’ ಎಂಬ ಹೆಸರಿನಲ್ಲಿ 1973ರಲ್ಲಿ ಅವುಗಳ ಪುಸ್ತಕ ಬಂತು. ಗಡಿಯಾಚೆ ರೆಜಿಯಾ ಎಲ್ಲಿದೆ ಎಂದು ತಿಳಿಯದ ಸ್ಲೊವೇನಿಯನ್ ಮಕ್ಕಳಿಗೂ ರೆಜಿಯಾದ ನರಿ ಗೊತ್ತಾಯಿತು.

ಈ ನರಿ ಯಾರದ್ದು ಎಂಬಲ್ಲಿಗೆ ಜಗಳ ಶುರು. ಭಾಷಾತಜ್ಞರಲ್ಲಿ ಬಹುಪಾಲು ಜನರಿಗೆ ರೆಜಿಯನ್ ಎಂಬುದು ಸ್ಲೊವೇನಿಯನ್‌ನ, ಬಹಳ ವಿಲಕ್ಷಣವಾದ, ಒಂದು ಉಪಭಾಷೆ. ಕಣಿವೆಯ ಹಲವರಿಗೆ ಅದು ಯಾರ ಉಪವೂ ಅಲ್ಲ, ತಮ್ಮದೇ ಭಾಷೆ. 1999ರಲ್ಲಿ ಇಟಲಿಯ 482ನೇ ಕಾನೂನು ದೇಶದ ಹನ್ನೆರಡು ಅಲ್ಪಸಂಖ್ಯಾತ ಭಾಷಾಸಮುದಾಯಗಳನ್ನು ಗುರುತಿಸಿತು, ಸ್ಲೊವೇನಿಯನ್ ಅದರಲ್ಲೊಂದು. 2001ರ 38ನೇ ಕಾನೂನು ಸ್ಲೊವೇನಿಯನ್ ಅಲ್ಪಸಂಖ್ಯಾತರ ರಕ್ಷಣೆಯನ್ನು ಈ ಕಣಿವೆಗೂ ವಿಸ್ತರಿಸಿತು. ಹಣ ಬಂತು, ಫಲಕ ಬಂತು, ಜೊತೆಗೆ ‘ನಮ್ಮನ್ನು ಕೇಳದೆ ನಮಗೆ ಹೆಸರಿಟ್ಟಿರಿ’ ಎಂಬ ಕೋಪವೂ ಬಂತು. ಡಚ್ ಭಾಷಾವಿಜ್ಞಾನಿ ಹಾನ್ ಸ್ಟೇನ್‌ವೈಕ್ 1994ರಲ್ಲಿ ರೆಜಿಯನ್‌ಗೆ ಬರವಣಿಗೆಯ ಕ್ರಮವೊಂದನ್ನು ರೂಪಿಸಿಕೊಟ್ಟಿದ್ದ. ಅದರ ಅಕ್ಷರಗಳ ಮೇಲಿನ ಕೊಕ್ಕೆಗಳಲ್ಲೂ ಕೆಲವರಿಗೆ ಸ್ಲೊವೇನಿಯಾ ಕಂಡಿತು. ಸಾವಿರ ಜನ, ನಾಲ್ಕಾರು ಊರು, ಊರಿಗೊಂದು ಉಚ್ಚಾರ. ಒಂದೇ ಪದವನ್ನು ಬೀಲಾದವರು ಆಡಿದ ಹಾಗೆ ಒಸೊವಾನೆಯವರು ಆಡುವುದಿಲ್ಲ. ವಂಶಾವಳಿಯಲ್ಲಿ ವಿದ್ವಾಂಸರ ಮಾತು ಸರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಮಗುವಿಗೆ ಹೆಸರಿಡುವುದು ವಂಶಾವಳಿ ಬರೆಯುವವನ ಕೆಲಸವಲ್ಲವಲ್ಲ.

ಜಗಳವಿಲ್ಲದ ದಿನಗಳೂ ಇವೆ. ಚಳಿಗಾಲದ ಕೊನೆಗೆ ‘ಪುಸ್ತ್’ ಹಬ್ಬದಲ್ಲಿ ಕಾಗದದ ಹೂವಿನ ಎತ್ತರದ ಟೊಪ್ಪಿಗೆ, ಬಿಳಿ ಉಡುಪು, ಗೆಜ್ಜೆ ತೊಟ್ಟ ಚೆಲುವ ವೇಷಗಳೂ, ಹರಿದ ಬಟ್ಟೆಯ ಕುರೂಪಿ ವೇಷಗಳೂ ಕುಣಿಯುತ್ತವೆ. ‘ಬಾಬಾತ್ಸ್’ ಎಂಬ ಹುಲ್ಲಿನ ಗೊಂಬೆಯನ್ನು ಬೂದಿ ಬುಧವಾರ ಅತ್ತು ಕರೆದು ಸುಡುತ್ತಾರೆ. ಆಗಸ್ಟ್ 15ರ ಹೊತ್ತಿಗೆ ರಾವಂತ್ಸಾದಲ್ಲಿ ಮೇರಿಯಮ್ಮನ ಹಬ್ಬ. ಫ್ಯಾಕ್ಟರಿ, ಹೋಟೆಲು, ಕಚೇರಿಗಳ ದುಡಿಮೆಗೆಂದು ಚದುರಿದವರು ರಜೆ ಹಾಕಿ ಊರಿಗೆ ಬರುತ್ತಾರೆ. ಮುಚ್ಚಿದ್ದ ಕಿಟಕಿಗಳು ತೆರೆಯುತ್ತವೆ.

ಆಗ ಎರಡು ವಾದ್ಯ ಹೊರಬರುತ್ತವೆ. ‘ತ್ಸಿತಿರಾ’ ಎಂಬುದು ಪಿಟೀಲು, ಆದರೆ ವಾಡಿಕೆಗಿಂತ ಬಿಗಿಯಾಗಿ, ಎತ್ತರದ ಶ್ರುತಿಗೆ ಏರಿಸಿದ್ದು. ‘ಬುಂಕುಲಾ’ ಮೂರು ತಂತಿಯ ಸೆಲ್ಲೊ, ಅದು ಎಳೆಯುವುದು ಆಧಾರಸ್ವರವನ್ನು. ಮೂರನೆಯ ವಾದ್ಯ ನುಡಿಸುವವರ ಕಾಲು. ಕೂತಲ್ಲಿಂದಲೇ ನೆಲಕ್ಕೆ ಬಡಿದು ತಾಳ ಹಿಡಿಯುತ್ತಾರೆ. ರಷ್ಯದಲ್ಲಿ ಹುಟ್ಟಿದ ಸಂಗೀತಗಾರ್ತಿ ಎಲ್ಲಾ ಅದಾಯೆವ್ಸ್ಕಿ 1883ರಲ್ಲೇ ಇಲ್ಲಿಗೆ ಬಂದು ಈ ಸಂಗೀತವನ್ನು ಬರೆದುಕೊಂಡಿದ್ದಳು. ಹಾಡಿನ ಧಾಟಿ ಒಮ್ಮೆ ತೆಳ್ಳಗೆ ಮೇಲೇರುತ್ತದೆ, ಒಮ್ಮೆ ದಪ್ಪಗೆ ಕೆಳಗಿಳಿಯುತ್ತದೆ. ಎದುರುಬದುರು ನಿಂತು ಕುಣಿಯುವ ಗಂಡು ಹೆಣ್ಣುಗಳು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ತೆಳ್ಳಗಿನ ಧಾಟಿ ದಪ್ಪಕ್ಕಿಳಿದಾಗ ಅವನ ಜಾಗಕ್ಕೆ ಅವಳು, ಅವಳ ಜಾಗಕ್ಕೆ ಅವನು. ಮತ್ತೆ ಧಾಟಿ ಏರಿತೋ, ಮತ್ತೆ ಅದಲು ಬದಲು. ನುಡಿಸುವವನ ಕಾಲು ಸೋಲುವವರೆಗೂ.