ಒಂದು ಜಾವಳಿ, ಒಂದು ಲಾವಣಿ

ಧರ್ಮಪುರಿ ಸುಬ್ಬರಾಯರ ‘ಸ್ಮರಸುಂದರಾಂಗುನಿ’ ತೆಲುಗಿನ ಜಾವಳಿ. ರಾಮಜೋಶಿಯ ‘ಸುಂದರಾ ಮನಾಮಧ್ಯೇ ಭರಲಿ’ ಮರಾಠಿಯ ಲಾವಣಿ. ಎರಡೂ ಶೃಂಗಾರಗೀತೆಗಳು, ಎರಡೂ ಕನ್ನಡದವಲ್ಲ. ಆದರೆ ಕರ್ತೃಗಳ ಹೆಸರಿನೊಡನೆ ಬೆಸೆದುಕೊಂಡಿರುವ ಊರುಗಳು ಕನ್ನಡದ ಅಂಚಿನವು. ಹೊಸೂರು 2004ರವರೆಗೆ ಧರ್ಮಪುರಿ ಜಿಲ್ಲೆಗೇ ಸೇರಿತ್ತು. ರಾಮಜೋಶಿಯ ಸೊಲ್ಲಾಪುರವಂತೂ ಸಿದ್ಧರಾಮನ ಊರು. ಗಡಿನಾಡ ಕನ್ನಡಿಗರ ಹಾಡುಗಳನ್ನು ಪಟ್ಟಿಮಾಡುವಾಗ ಕನ್ನಡದಲ್ಲಿರುವುದನ್ನಷ್ಟೇ ಎಣಿಸಿದರೆ, ಅವರ ಕಿವಿಯನ್ನು ತಿದ್ದಿದ ಇಂಥ ಹಾಡುಗಳು ಲೆಕ್ಕಕ್ಕೆ ಸಿಗದೆ ಹೋಗುತ್ತವೆ.

ಜಾವಳಿಯಲ್ಲಿ ಮಾತನಾಡುವವಳು ನಾಯಿಕೆ. ಮನ್ಮಥನಂಥ ತನ್ನ ನಲ್ಲನನ್ನು ಅವಳು ಹೊಗಳುವುದು ಸಖಿಯೊಬ್ಬಳ ಮುಂದೆ. ಕೇಳುವವಳು ಒಬ್ಬಳೇ ಆದ್ದರಿಂದ ದನಿಯೇರಿಸಬೇಕಾಗಿಲ್ಲ, ವಿವರಿಸಬೇಕಾದದ್ದೂ ಹೆಚ್ಚಿಲ್ಲ. ಪದಗಳು ಕೆಲವೇ, ಪಲ್ಲವಿಯ ಒಂದೇ ಸಾಲು ಪರಜು ರಾಗದಲ್ಲಿ ಮತ್ತೆ ಮತ್ತೆ ಮರಳಿ ಬರುತ್ತದೆ. ಒಮ್ಮೆ ಹೆಮ್ಮೆ, ಒಮ್ಮೆ ನಾಚಿಕೆ, ಇನ್ನೊಮ್ಮೆ ನೆನಪಿನ ಸುಖ: ಅರ್ಥವನ್ನು ಬದಲಿಸುವುದು ಸಾಹಿತ್ಯವಲ್ಲ, ಹಾಡುವವರ ಕಂಠ ಅಥವಾ ಅಭಿನಯಿಸುವವರ ಕಣ್ಣು. ವೀಣೆ ಧನಮ್ಮಾಳ್ (1867–1938) ಅವರ ಮನೆತನದಲ್ಲಿ ಜಾವಳಿಗಳು ಉಳಿದು ಬಂದದ್ದು ಈ ಸೂಕ್ಷ್ಮದಿಂದಲೇ. ಅವರ ಮೊಮ್ಮಗಳು ಬೃಂದಾ ಹಾಡಿದ ಜಾವಳಿಗಳಲ್ಲಿ ಅವಸರವೆಂಬುದೇ ಇಲ್ಲ.

ಲಾವಣಿಯಲ್ಲಿ ನೋಟ ತಿರುಗುತ್ತದೆ. ಇಲ್ಲಿ ಗಂಡಸು ಹೆಣ್ಣನ್ನು ನೋಡುತ್ತಾನೆ, ಕಂಡದ್ದನ್ನು ನೆರೆದ ಜನರೆದುರು ಸಾರುತ್ತಾನೆ. 1818ರಲ್ಲಿ ಕೊನೆಗೊಂಡ ಪೇಶ್ವೆ ಆಳ್ವಿಕೆಯ ಕಡೆಗಾಲದ ಕವಿ ರಾಮಜೋಶಿ, ಕೀರ್ತನಕಾರನೂ ಹೌದು. ಸಭೆಯನ್ನು ಹಿಡಿದು ನಿಲ್ಲಿಸುವ ವಿದ್ಯೆ ಅವನಿಗೆ ಸಲೀಸು. ಬೈತಲೆಯ ಮುತ್ತಿನಿಂದ ತೊಡಗಿ ಅಲಂಕಾರದ ಮೇಲೆ ಅಲಂಕಾರವನ್ನು ಅವನು ಪೇರಿಸುತ್ತಾನೆ. ಒಳಪ್ರಾಸಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತವೆ. ಅಕ್ಷರಕ್ಕೊಂದು ಸ್ವರವೆಂಬಂತೆ ಸಾಗುವ ಧಾಟಿಯಲ್ಲಿ ರಾಗವನ್ನು ಹಿಗ್ಗಿಸಲು ಎಡೆಯೇ ಇಲ್ಲ. ಜಾವಳಿಯ ಶೃಂಗಾರ ಮಾತುಗಳ ನಡುವಣ ಬಿಡುವಿನಲ್ಲಿದೆ. ಲಾವಣಿಯದು ಮಾತಿನ ಸಮೃದ್ಧಿಯಲ್ಲಿದೆ. ಸೊಗಸಿನಲ್ಲಿ ಒಂದನ್ನು ಮೇಲು, ಇನ್ನೊಂದನ್ನು ಒರಟು ಎನ್ನುವವರು ಈ ಭೇದವನ್ನು ಗಮನಿಸಿಲ್ಲ.

ಕನ್ನಡವೂ ಈ ಎರಡು ದಾರಿಗಳನ್ನು ಬಲ್ಲದು. ಜಾವಳಿಯೆಂಬ ಹೆಸರೇ ಕನ್ನಡಮೂಲದ್ದೆಂದು ಹಲವು ವಿದ್ವಾಂಸರ ಮತ. ಮೈಸೂರು ಆಸ್ಥಾನದ ಪರಿಸರದಲ್ಲಿ ಕನ್ನಡ ಜಾವಳಿಗಳೂ ರಚನೆಯಾದವು. ಲಾವಣಿ ಇತ್ತ ಡಪ್ಪು, ತುಂತುಣಿಗಳೊಡನೆ ಗೀಗೀ ಮೇಳಕ್ಕೆ ಬಂದಾಗ ಹೊಸದೊಂದು ಸಂಗತಿ ನಡೆಯಿತು. ಗಂಡು ಹೆಚ್ಚೆನ್ನುವ ಹರದೇಶಿಗೆ ಹೆಣ್ಣು ಹೆಚ್ಚೆನ್ನುವ ನಾಗೇಶಿ ಅದೇ ವೇದಿಕೆಯ ಮೇಲೆ ಸವಾಲು ಹಾಕಿತು. ರಾಮಜೋಶಿಯ ಹಾಡಿನಲ್ಲಿ ನೋಟಕ್ಕಷ್ಟೇ ಗುರಿಯಾದ ಸುಂದರಿ ಸುಮ್ಮನಿದ್ದಾಳೆ. ನಾಗೇಶಿ ಪಕ್ಷದವರು ಮಾತ್ರ ಪ್ರತಿ ಪದಕ್ಕೂ ಪದ ಕಟ್ಟಿ ಉತ್ತರ ಕೊಡುತ್ತಾರೆ.